ಗುತ್ತಿ ಜೇಡಕ್ಕೊಂದು ಪೊಟರೆ

ಜೇಡ ಸಾಕೋದು ಅಂದ್ರೆ ನಮ್ಮ ಕಡೆ ಯಾರೂ ನಂಬೋದಿಲ್ಲ. ಹಸು ಸಾಕ್ತೀವಿ, ಕುರಿ ಸಾಕ್ತೀವಿ, ಕೋಳಿ ಸಾಕ್ತೀವಿ. ಹಿಪ್ಪುನೇರಳೆ ಹಾಕಿದೋರು ರೇಷ್ಮೆ ಹುಳ ಸಾಕ್ತೀವಿ. ಜೇಡ ಕಂಡ್ರೆ ಮಾತ್ರ ಪೊರಕೆ ಹುಡುಕ್ತೀವಿ. ಊರಿಗೆ ಬಂದ ಮೇಲೆ ಈ ಸುದ್ದಿ ಹೇಳಿದಾಗ ಅರಳಿಕಟ್ಟೆ ಮೇಲೆ ಕೂತಿದ್ದೋರೆಲ್ಲ ನಕ್ಕರು. ವಾಚನಾಲಯದ ಮೇಷ್ಟ್ರು ಒಬ್ಬರು ಮಾತ್ರ ನಗಲಿಲ್ಲ. "ಬಾಯಲ್ಲಿ ಹೇಳಿದ್ದನ್ನೇ ಬರೆದು ಕೊಡಿ, ಪುಸ್ತಕಕ್ಕೆ ಹಾಕೋಣ" ಅಂದರು. ನಾನು ಏಳನೇ ಕ್ಲಾಸು ಓದಿದೋನು. ಪದ ಹಾಡೋದು ಬರ್ತೈತೆ, ಬರೆಯೋದು ಅಷ್ಟಕ್ಕಷ್ಟೆ. ಅಕ್ಷರ ಎಲ್ಲಾದ್ರೂ ಸೊಟ್ಟ ಇದ್ರೆ ಅವರೇ ನೆಟ್ಟಗೆ ಮಾಡ್ಕೊಳ್ಳಲಿ.

ಜೇಡ ನಮಗೆ ಅಷ್ಟು ದೂರದ್ದೇನಲ್ಲ. ಕನ್ನಡದಲ್ಲಿ ಜೇಡ ಅಂದ್ರೆ ನೇಕಾರ ಅಂತಲೂ ಅರ್ಥ. ಜೇಡರ ದಾಸಿಮಯ್ಯನವರ ಹೆಸರಲ್ಲಿರೋದು ಅದೇ ಜೇಡ. ಊರಲ್ಲಿ ದಿನಾ ಕಿವಿಗೆ ಬೀಳೋ ತೆಲುಗಿನಲ್ಲೂ ಅದು ಸಾಲೆಪುರುಗು, ಅಂದ್ರೆ ನೇಯೋರ ಹುಳ. ಎರಡು ಭಾಷೆಯೋರೂ ಮಾತಾಡಿಕೊಂಡು ಇಟ್ಟ ಹಾಗೆ ಐತೆ. ಕಾಳಹಸ್ತಿಗೆ ಹೋಗಿ ಬಂದೋರಿಗೆ ಗೊತ್ತಿರ್ತೈತೆ: ಶ್ರೀ ಅಂದ್ರೆ ಜೇಡ, ಕಾಳ ಅಂದ್ರೆ ಹಾವು, ಹಸ್ತಿ ಅಂದ್ರೆ ಆನೆ. ಶಿವಲಿಂಗದ ಮೇಲೆ ಬಲೆ ನೇಯ್ದು ನೆರಳು ಮಾಡಿದ ಜೇಡಕ್ಕೆ ದೇವರು ತನ್ನ ಹೆಸರಿನ ಮುಂದೇ ಜಾಗ ಕೊಟ್ಟ. ಆದರೆ ನಾನು ಹೇಳಬೇಕಾಗಿರೋ ಜೇಡ ಬಲೆ ನೇಯ್ದು ನೊಣ ಹಿಡಿಯೋದಲ್ಲ. ಮರದ ಪೊಟರೆಯೊಳಗೆ ಇರೋದು. ಕಾಲು ಚಾಚಿದ್ರೆ ನಮ್ಮ ಅಂಗೈ ಮುಚ್ಚೋವಷ್ಟು ದೊಡ್ಡದು.

ಮಗಳು ಅಳಿಯ ಇರೋದು ಇಂಗ್ಲೆಂಡಿನಲ್ಲಿ, ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಊರು. ಮಗಳ ಎರಡನೇ ಬಾಣಂತನಕ್ಕೆ ನಾನೂ ನಮ್ಮಾಕೆಯೂ ಹೋಗಿ ನಾಲ್ಕು ತಿಂಗಳು ಇದ್ದು ಬಂದೆವು. ಅಕ್ಟೋಬರಿನಲ್ಲಿ ಹೋಗಿದ್ದು. ನಮ್ಮಾಕೆಗೆ ಕೈತುಂಬ ಕೆಲಸ, ಕೂಸಿಗೆ ಎಣ್ಣೆ ನೀರು, ಬಾಣಂತಿಗೆ ಸಾರು ಕಷಾಯ. ನನಗೆ ಏನೂ ಇಲ್ಲ. ಹೊರಗೆ ಚಳಿ, ಒಳಗೆ ಬೇಜಾರು, ಸಾಯಂಕಾಲ ನಾಲ್ಕಕ್ಕೆಲ್ಲ ಕತ್ತಲೆ. ಒಂದಿನ ಹಿತ್ತಲ ಬೇಲಿ ಪಕ್ಕ ನಿಂತು ಸಣ್ಣಗೆ ತತ್ವಪದ ಹೇಳ್ಕೊಳ್ತಾ ಇದ್ದೆ. ಆಚೆ ಮನೆ ಹುಡುಗ ಇಣುಕಿದ. 14 ವರ್ಷ ಇರಬೇಕು, ಉದ್ದಕ್ಕೆ ಕಡ್ಡಿ ಹಾಗಿದ್ದ. ನನ್ನ ದೊಡ್ಡ ಮೊಮ್ಮಗಳಿಗೆ 9 ವರ್ಷ, ಅವಳೇ ನಮ್ಮಿಬ್ಬರ ಮಧ್ಯೆ ಮಾತು ದಾಟಿಸೋಳು. "ತಾತಾ, ಅವನ ಹತ್ರ ಒಂದು ಜೇಡ ಐತಂತೆ. ಅದು ನಿಮ್ಮ ಊರ ಕಡೆದಂತೆ. ನೋಡೋಕೆ ಬರ್ತೀರಾ ಅಂತಾನೆ" ಅಂದಳು.

ಹೋದೆ. ಒಂದು ಪ್ಲಾಸ್ಟಿಕ್ ಡಬ್ಬಿ, ಅದರ ಮೂಲೆಗೆ ಒತ್ತಿಕೊಂಡು ಕೂತಿತ್ತು. ನಾನು ಅಂಥಾ ಬಣ್ಣದ ಹುಳ ಕಂಡೇ ಇರಲಿಲ್ಲ. ನವಿಲಿನ ಕುತ್ತಿಗೆಯ ನೀಲಿ, ಕಾಲಿನ ಕೀಲುಗಳಲ್ಲಿ ಅರಿಶಿನ, ಬೆನ್ನ ಮೇಲೆ ರಂಗೋಲಿ ಬಿಟ್ಟ ಹಾಗೆ ಬಿಳಿ ಗೆರೆ. ಆಮೇಲೆ ಆ ಹುಡುಗ ಹೇಳಿದ, ಆ ನೀಲಿ ಬಣ್ಣ ಹಚ್ಚಿದ್ದಲ್ಲವಂತೆ. ಕೂದಲಿನ ರಚನೆಯೇ ಬೆಳಕನ್ನ ಹಾಗೆ ಒಡೆದು ನೀಲಿ ತೋರಿಸ್ತೈತೆ. ನವಿಲುಗರಿಯದ್ದೂ ಅದೇ ಕತೆ. ಡಬ್ಬಿ ಮೇಲೆ ಒಂದು ಚೀಟಿ ಅಂಟಿಸಿತ್ತು. ಮೊಮ್ಮಗಳು "ಗೂಟಿ" ಅಂತ ಓದಿದಳು. ಗೂಟಿ ಅಂತ ಯಾವ ಊರಪ್ಪ ನಮ್ಮ ಕಡೆ? ಹುಡುಗ ಕಂಪ್ಯೂಟರಿನಲ್ಲಿ ನಕ್ಷೆ ತೆಗೆದು ಬೆರಳಿಟ್ಟ. ನೋಡಿದ್ರೆ ನಮ್ಮ ಗುತ್ತಿ!

ಗುತ್ತಿ ಯಾರಿಗೆ ಗೊತ್ತಿಲ್ಲ? ಗುತ್ತಿ ಕೋಟೆ, ಗುತ್ತಿ ಜಂಕ್ಷನ್. ನಮ್ಮ ಮಡಕಶಿರವೂ ಗುತ್ತಿಯೂ ಅನಂತಪುರ ಒಂದೇ ಜಿಲ್ಲೆ ಆಗಿದ್ದವು, 2022ರಲ್ಲಿ ಒಡೆದು ನಮ್ಮನ್ನ ಶ್ರೀ ಸತ್ಯಸಾಯಿ ಜಿಲ್ಲೆಗೆ ಹಾಕಿದ್ರು. ವಯಸ್ಸಿನಲ್ಲಿದ್ದಾಗ ಶಿವರಾತ್ರಿ ಭಜನೆಗೆ ಮೇಳ ಕಟ್ಟಿಕೊಂಡು ಗುತ್ತಿಗೆ ಹೋಗಿ ಬೆಳಗಿನ ತನಕ ಹಾಡಿದ್ದೀನಿ. ಆ ಊರ ಹೆಸರಿಟ್ಟುಕೊಂಡು ಇಂಥದೊಂದು ಜೀವ ಪ್ರಪಂಚ ಎಲ್ಲ ತಿರುಗ್ತೈತೆ ಅಂತ ಅಲ್ಲಿಯೋರೂ ನನಗೆ ಹೇಳಲಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ.

ಹುಡುಗ ಓದಿಕೊಂಡಿದ್ದ ಕತೆ ಹೀಗೆ. ಲಂಡನ್ ಮ್ಯೂಜಿಯಮ್ಮಿನಲ್ಲಿದ್ದ ಪೋಕಾಕ್ ಅನ್ನೋ ವಿದ್ವಾಂಸರು 1899ರಲ್ಲಿ ಈ ಜೇಡಕ್ಕೆ ಹೆಸರಿಟ್ಟು ಪುಸ್ತಕಕ್ಕೆ ಏರಿಸಿದರು. ಅವರ ಕೈಗೆ ಬಂದ ಹುಳ ಸಿಕ್ಕಿದ್ದು ಗುತ್ತಿಯಲ್ಲಿ, ರೈಲ್ವೆಯೋರು ಸೌದೆ ಒಟ್ಟಿದ್ದ ಜಾಗದಲ್ಲಿ ಅಂತಾರೆ. ಆಮೇಲೆ ನೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಮತ್ತೆ ಕಂಡಿದ್ದು ಗುತ್ತಿಯಲ್ಲಲ್ಲ, ನಂದ್ಯಾಲಕ್ಕೂ ಗಿದ್ದಲೂರಿಗೂ ನಡುವಿನ ಕಾಡಿನಲ್ಲಿ. ಹಾಗಾಗಿ ಅದರ ನಿಜವಾದ ತವರು ಆ ಕಾಡು, ಅಲ್ಲಿ ಕಡಿದ ಮರದ ಪೊಟರೆಯಲ್ಲಿ ಕೂತು ರೈಲಿನಲ್ಲಿ ಗುತ್ತಿಗೆ ಬಂದಿರಬೇಕು ಅಂತ ತಿಳಿದೋರ ಲೆಕ್ಕ. ಸೌದೆ ಜೊತೆ ಬಂದ ಹುಳಕ್ಕೆ ಇಳಿದ ಸ್ಟೇಷನ್ನಿನ ಹೆಸರೇ ನಿಂತುಬಿಡ್ತು. ಇವತ್ತಿಗೂ ಅದು ಇರೋ ಕಾಡು ಎಲ್ಲ ಸೇರಿದ್ರೂ 100 ಚದರ ಕಿಲೋಮೀಟರ್ ಇಲ್ಲವಂತೆ. 2008ರಲ್ಲಿ ಅದನ್ನ ಅಳಿವಿನ ಅಂಚಿನ ಪಟ್ಟಿಯಲ್ಲಿ ತೀರ ಮೇಲಿನ ಸಾಲಿಗೆ ಹಾಕಿದ್ದಾರೆ. ಮರ ಕಡಿಯೋದು ಒಂದು ಕಾರಣ, ಸಾಕೋಕೆ ಅಂತ ಹಿಡಿದು ಮಾರೋದು ಇನ್ನೊಂದು.

ಆ ಹುಡುಗನ ಜೇಡ ಕಾಡಿನದ್ದಲ್ಲ. ಅಲ್ಲಿಯೋರೇ ಮರಿ ಮಾಡಿಸಿದ್ದು. ಹುರುಳಿಕಾಳಿನಷ್ಟು ಇದ್ದಾಗ ತಂದು ಎರಡು ವರ್ಷದಿಂದ ಸಾಕಿದ್ದ. ಈಗ ಡಬ್ಬಿ ಸಾಲದು. ಅವನ ತಾಯಿ ಒಳ್ಳೆಯಾಕೆ, ಆದ್ರೆ ಜೇಡ ಅಂದ್ರೆ ಹೆದರಿಕೆ. "ಇದಕ್ಕೆ ಭದ್ರವಾದ ಸರಿಯಾದ ಮನೆ ಆಗಬೇಕು. ಇಲ್ಲದಿದ್ರೆ ಕ್ರಿಸ್ಮಸ್ಸಿಗೆ ಮೊದಲು ಬೇರೆ ಯಾರಿಗಾದ್ರೂ ಕೊಟ್ಟುಬಿಡು" ಅಂತ ಖಡಾಖಂಡಿತ ಹೇಳಿಬಿಟ್ಟಿದ್ದಳು. ಅವನಿಗೆ ಓದು ಗೊತ್ತು, ಕೈಕೆಲಸ ಬರೋದಿಲ್ಲ. ನನಗೆ ಓದು ಇಲ್ಲ, ಸಾಕಾಣಿಕೆ ಮನೆ ಕಟ್ಟಿದ ಕೈ. ಹೀಗೆ ನಮ್ಮ ಜೋಡಿ ಕೂಡ್ತು. "ಕೂಸು ನೋಡೋಕೆ ಅಂತ ಕರ್ಕೊಂಡು ಬಂದ್ರೆ ಜ್ಯಾಡ ನೋಡ್ತಾ ಕೂತವ್ರೆ" ಅಂತ ನಮ್ಮಾಕೆ ಮಗಳ ಹತ್ರ ದೂರು ಹೇಳಿದಳು.

ಅಂಗಡಿಯೋರು ಅವನಿಗೆ ತೋರಿಸಿದ್ದು ಅಗಲವಾದ ಗಿಡ್ಡ ಪೆಟ್ಟಿಗೆ. ಅದು ನೆಲದಲ್ಲಿ ಬಿಲ ತೋಡೋ ಜೇಡಕ್ಕೆ ಆಗ್ತೈತೆ, ಮರದ ಜೇಡಕ್ಕೆ ಆಗೋದಿಲ್ಲ. ಕುಂಬಳ ಬಳ್ಳಿಗೆ ನೆಲ ಸಾಕು, ಹಾಗಲ ಬಳ್ಳಿಗೆ ಚಪ್ಪರ ಬೇಕು, ಹಾಗೆ. ನೆಲದ ಜೇಡವನ್ನ ಎತ್ತರದ ಪೆಟ್ಟಿಗೆಗೆ ಹಾಕಿದ್ರೆ ಹತ್ತಿ ಬಿದ್ದು ಹೊಟ್ಟೆ ಒಡೆದು ಸಾಯ್ತದೆ. ಮರದ ಜೇಡವನ್ನ ಗಿಡ್ಡ ಪೆಟ್ಟಿಗೆಗೆ ಹಾಕಿದ್ರೆ ಮುಚ್ಚಳದ ಕೆಳಗೇ ಅಂಟಿಕೊಂಡು ಕೂರ್ತದೆ, ಮುಚ್ಚಳ ತೆಗೆದ್ರೆ ಮೊದಲು ಹೊರಗೆ ಬರೋದೇ ಅದು. ಹುಡುಕಿ ಒಂದು ಹಳೇ ಗಾಜಿನ ಪೆಟ್ಟಿಗೆ ತಂದೆವು. ಒಂದಡಿ ಅಗಲ, ಒಂದಡಿ ಆಳ, ಒಂದೂವರೆ ಅಡಿ ಎತ್ತರ. ಬಾಗಿಲು ಮುಂದಕ್ಕೆ ತೆಗೆಯೋದು. ಬಾಗಿಲು ಮುಂದಿದ್ರೆ ಮೇಲೆ ಕೂತ ಜೇಡಕ್ಕೆ ತೊಂದರೆ ಕೊಡದೆ ಕೆಳಗಿನ ಕೆಲಸ ಮಾಡಬೌದು.

ಇನ್ನೂ ದೊಡ್ಡದು ಕೊಟ್ರೆ ಇನ್ನೂ ಒಳ್ಳೇದಲ್ಲವೇ ಅಂತ ಮೊಮ್ಮಗಳು ಕೇಳಿದಳು. ಅಲ್ಲ. ಈ ಜೀವ ಓಡಾಡೋದು ಕಮ್ಮಿ, ಹಗಲೆಲ್ಲ ಪೊಟರೆಯಲ್ಲಿ, ರಾತ್ರಿ ಬಾಯಿಗೆ ಬಂದು ಕೂತು ಕಾಯೋದು. ಬಯಲು ದೊಡ್ಡದಾದ್ರೆ ಹಾಕಿದ ಹುಳ ಎಲ್ಲೋ ಅವಿತುಕೊಳ್ತದೆ, ಇದು ಉಪವಾಸ. ಅದಕ್ಕೆ ಬೇಕಾಗಿರೋದು ಜಾಗ ಅಲ್ಲ, ಸಂದು. ಮೈಗೆ ನಾಲ್ಕೂ ಕಡೆ ಏನಾದ್ರೂ ತಾಗಬೇಕು. ನನ್ನ ತಾಯಿ ಕೊನೇ ದಿನಗಳಲ್ಲಿ ಹೊಸ ಮನೆಯ ದೊಡ್ಡ ಕೋಣೆ ಬಿಟ್ಟು ಹಳೇ ಮನೆಯ ಕಣಜದ ಪಕ್ಕದ ಸಂದಿನಲ್ಲೇ ಮಲಗ್ತೀನಿ ಅಂತಿದ್ದಳು. ಅದು ನೆನಪಾಯ್ತು.

ಪೊಟರೆಗೆ ಕಾರ್ಕ್ ಮರದ ತೊಗಟೆ ತಂದಿದ್ದ. ಸೀಸೆಗೆ ಬೂಚು ಮಾಡ್ತಾರಲ್ಲ, ಅದೇ ಮರ. ಪೋರ್ಚುಗಲ್, ಸ್ಪೇನ್ ಕಡೆ ಬೆಳೀತೈತೆ. ಮರ ಕಡಿಯೋದಿಲ್ಲ, ಸುಮಾರು ಒಂಬತ್ತು ವರ್ಷಕ್ಕೊಂದು ಸಲ ತೊಗಟೆ ಮಾತ್ರ ಸುಲೀತಾರೆ, ಮತ್ತೆ ಬೆಳೀತದೆ. ಹಗುರ, ನೀರಿಗೆ ಕೊಳೆಯೋದಿಲ್ಲ, ಮೇಲೆ ಒರಟು. ಕೊಳವೆ ಹಾಗಿದ್ದ ಒಂದು ತುಂಡನ್ನ ಹಿಂದಿನ ಗಾಜಿಗೆ ಸ್ವಲ್ಪ ಓರೆಯಾಗಿ ನಿಲ್ಲಿಸಿದೆವು. ಬುಡ ಮಣ್ಣೊಳಗೆ ನಾಲ್ಕು ಬೆರಳು ಇಳಿದಿರಬೇಕು, ಇಲ್ಲದಿದ್ರೆ ಉರುಳಿ ಜೇಡದ ಮೇಲೇ ಬೀಳ್ತದೆ. ಮೇಲಿನ ಬಾಯಿ ಮುಚ್ಚಳಕ್ಕಿಂತ ಒಂದು ಗೇಣು ಕೆಳಗೆ ನಿಲ್ಲೋ ಹಾಗೆ ಕೊಯ್ದೆ. ಬಾಯಿ ಮುಚ್ಚಳಕ್ಕೆ ತಾಗಿದ್ರೆ ಅದು ಬಲೆಯನ್ನ ಮುಚ್ಚಳಕ್ಕೇ ಹೆಣೀತದೆ. ಬಾಯಿ ಮುಂದೆ ನಾಲ್ಕು ಪ್ಲಾಸ್ಟಿಕ್ ಎಲೆ ಇಳಿಬಿಟ್ಟೆವು, ಬೆಳಕು ನೇರ ಬೀಳಬಾರದು ಅಂತ. ಮರದ ಜೇಡಗಳಲ್ಲೇ ಇದಕ್ಕೆ ಬೆಳಕು ಅಂದ್ರೆ ಆಗೋದಿಲ್ಲ. ದೀಪ ಹಾಕಿದ ಕೂಡಲೇ ಒಳಗೆ.

ಕೆಳಗೆ ಹಾಸೋಕೆ ತೆಂಗಿನ ನಾರಿನ ಪುಡಿ. ಇಟ್ಟಿಗೆ ಹಾಗೆ ಒತ್ತಿ ಮಾರ್ತಾರೆ, ನೀರು ಹಾಕಿದ್ರೆ ಉಬ್ಬಿ ಬಕೆಟ್ ತುಂಬ ಆಗ್ತದೆ. ಹೊದಿಕೆ ತಿರುಗಿಸಿ ನೋಡಿದ್ರೆ ಇಂಡಿಯಾ ಅಂತ ಬರೆದಿತ್ತು. ಇಲ್ಲಿ ತಿಪ್ಪೆಗೆ ಹಾಕೋ ಪುಡಿಗೆ ಅಲ್ಲಿ ಇಷ್ಟು ಮರ್ಯಾದೆ! ಅದರ ಹದ ಹುಡುಗನಿಗೆ ನಾನೇ ತೋರಿಸಿಕೊಟ್ಟೆ. ಮುಷ್ಟಿಯಲ್ಲಿ ಹಿಂಡಿದ್ರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಕಡ್ಲೇಕಾಯಿ ಬಿತ್ತೋ ಹದ. ಮೂರು ನಾಲ್ಕು ಇಂಚು ದಪ್ಪ ಹಾಸಿ, ಒಂದು ಪಕ್ಕ ಮಾತ್ರ ತೇವ ಮಾಡಿ, ಇನ್ನೊಂದು ಪಕ್ಕ ಒಣಗಲು ಬಿಟ್ಟೆವು. ಯಾವ ಕಡೆ ಬೇಕೋ ಆ ಕಡೆ ಅದೇ ಹೋಗಿ ಕೂರ್ತದೆ. ಕುಡಿಯೋಕೆ ಒಂದು ಸಣ್ಣ ಬಟ್ಟಲು.

ಗಾಳಿ ವಿಷಯಕ್ಕೆ ಬಂದಾಗ ನಾನು ಬಿಗಿಯಾಗಿ ನಿಂತೆ. ಹುಡುಗ ಓದಿದ್ದ ಕಡೆ ತೇವ ಬೇಕು ತೇವ ಬೇಕು ಅಂತಲೇ ಇತ್ತು. ದಿನಾ ನೀರು ಚಿಮುಕಿಸ್ತಿದ್ದ, ಗಾಜಿನ ಒಳಗೆಲ್ಲ ಬೆವರು. ರೇಷ್ಮೆ ಮನೇಲಿ ಹಿಂಗೆ ಮಾಡಿದ್ರೆ ಮೂರು ದಿನಕ್ಕೆ ಸುಣ್ಣಕಟ್ಟು ರೋಗ ಬರ್ತದೆ, ಹುಳ ಎಲ್ಲ ಬಳಪದ ಕಡ್ಡಿ ಹಾಗೆ ಸೆಟೆದು ಬಿಡ್ತವೆ. ತೇವ ಬೇಕು, ಆದ್ರೆ ನಿಂತ ಗಾಳಿಯ ತೇವ ವಿಷ. ಮರದ ಪೊಟರೆಯೊಳಗೆ ತಂಪಿರ್ತದೆ, ಆಚೆಗೆ ಗಾಳಿ ಬೀಸ್ತಾನೇ ಇರ್ತದೆ. ಅದಕ್ಕೆ ಒಂದು ಕಡೆ ಕೆಳಗಿಂದ ಗಾಳಿ ಹೊಕ್ಕು ಇನ್ನೊಂದು ಕಡೆ ಮೇಲಿಂದ ಹೊರಡಬೇಕು. ಪೆಟ್ಟಿಗೆಯ ಬಾಗಿಲ ಕೆಳಗೆ ಸಂದು ಇತ್ತು, ಅದು ಸರಿ. ಮೇಲೆ ತಂತಿ ಜಾಲರಿ ಇತ್ತು, ಅದು ಸರಿಯಿಲ್ಲ. ಈ ಜೇಡದ ಕಾಲ ತುದಿಯಲ್ಲಿ ಸಣ್ಣ ಉಗುರು ಇರ್ತವೆ, ತಂತಿಗೆ ಸಿಕ್ಕಿಕೊಂಡು ಕಾಲು ಮುರಿದ್ರೂ ಮುರೀಬೌದು. ಜಾಲರಿ ಕಿತ್ತು, ಅಷ್ಟೇ ಅಳತೆಯ ದಪ್ಪ ಪ್ಲಾಸ್ಟಿಕ್ ಹಲಗೆ ಕೊಯ್ದು, ಅಳಿಯನ ಡ್ರಿಲ್ ತಗೊಂಡು ಜೋಳದ ಕಾಳಿಗಿಂತ ಸಣ್ಣ ತೂತು ಸಾಲಾಗಿ ಕೊರೆದೆ. 140 ತೂತು. ಎಣಿಸಿದ್ದು ಮೊಮ್ಮಗಳು. ಒಂದೊಂದರ ಅಂಚನ್ನೂ ಉಪ್ಪುಕಾಗದದಲ್ಲಿ ಉಜ್ಜಿದೆವು. ಮಾರನೇ ದಿನದಿಂದ ಗಾಜಿನ ಬೆವರು ಹೋಯ್ತು.

ಬಿಸಿಗೆ ಅಂತ ಪೆಟ್ಟಿಗೆಯ ಅಡಿಗೆ ಇಡೋ ಕರೆಂಟಿನ ಚಾಪೆ ಮಾರ್ತಾರೆ. ಅಡಿಗೆ ಇಟ್ರೆ ಹಾಸು ಒಣಗಿ ಹೋಗ್ತದೆ, ಬಿಸಿಯಿಂದ ತಪ್ಪಿಸಿಕೊಳ್ಳೋಕೆ ಜಾಗ ಇರೋದಿಲ್ಲ. ಪಕ್ಕದ ಗೋಡೆಗೆ ಇಟ್ಟು, ಬಿಸಿ ಹಿಡಿತದಲ್ಲಿಡೋ ಯಂತ್ರ ಸಿಕ್ಕಿಸಿ, 24 ಡಿಗ್ರಿಗೆ ನಿಲ್ಲಿಸಿದ. ದೊಡ್ಡ ರೇಷ್ಮೆ ಹುಳಕ್ಕೂ ಹೆಚ್ಚು ಕಡಿಮೆ ಅಷ್ಟೇ.

ಊಟದ ಬಗ್ಗೆ ಹೆಚ್ಚಿಗೆ ಹೇಳೋದಿಲ್ಲ. ವಾರಕ್ಕೊಂದು ಸಲ ಜಿರಲೆ, ಇಲ್ಲವೇ ರಾತ್ರಿ ಕಿರ್ರ್ ಅನ್ನೋ ಹುಳ. ಅವನ್ನ ಅಂಗಡಿಯಲ್ಲಿ ದುಡ್ಡು ಕೊಟ್ಟು ಜೀವಂತ ತರ್ತಾರೆ. ಜಿರಲೆಗೆ ದುಡ್ಡು ಕೊಡ್ತಾರೆ ಅಂದಾಗ ಅರಳಿಕಟ್ಟೆಯಲ್ಲಿ ಅತಿ ಹೆಚ್ಚು ನಗು ಬಂದಿದ್ದು.

ಡಬ್ಬಿಯಿಂದ ಹೊಸ ಮನೆಗೆ ದಾಟಿಸೋದು ಹುಷಾರಿನ ಕೆಲಸ. ಇದನ್ನ ಕೈಯಲ್ಲಿ ಮುಟ್ಟಬಾರದು. ಕಚ್ಚಿದ್ರೆ ಉರಿ, ಜೊತೆಗೆ ಸ್ನಾಯು ಹಿಡಿದು ಎಳೆಯೋದು ದಿನಗಟ್ಟಲೆ ಇರ್ತದಂತೆ. ಓಟವೂ ಅಷ್ಟೇ, ಕಣ್ಣು ಮಿಟುಕಿಸೋದ್ರೊಳಗೆ ಭುಜಕ್ಕೆ ಹತ್ತಿರ್ತದೆ. ಗಾಜಿನ ಮೇಲೂ ಸಲೀಸಾಗಿ ಏರ್ತದೆ, ಪಾದದಡಿ ಅಂಥ ನುಣುಪು ಕೂದಲು. ಆದ್ರೆ ಅದು ಮೇಲೆ ಬೀಳೋ ಜಾತಿ ಅಲ್ಲ, ಓಡಿ ಬಚ್ಚಿಟ್ಟುಕೊಳ್ಳೋ ಜಾತಿ. ಹುಡುಗ ಡಬ್ಬಿಯನ್ನ ಪೆಟ್ಟಿಗೆಯೊಳಗೇ ಇಟ್ಟು, ಬಾಯಿ ತೊಗಟೆಯ ಕಡೆ ಮಾಡಿ, ಬಾಗಿಲು ಹಾಕಿ, ದೀಪ ಆರಿಸಿದ. ನಾನು ಓಡಿಸಬೇಡ ಅಂದೆ, ಅವನಿಗೂ ಆ ಮನಸ್ಸಿರಲಿಲ್ಲ. ಬೆಳಗ್ಗೆ ನೋಡಿದ್ರೆ ತಾನೇ ಎದ್ದು ಪೊಟರೆ ಸೇರಿತ್ತು. ಒಂದು ವಾರದಲ್ಲಿ ಬಾಯಿ ಸುತ್ತ ರೇಷ್ಮೆ ನೇಯ್ದು, ಕೆಳಗಿನ ಪುಡಿಯನ್ನ ಮೇಲಕ್ಕೆ ಹೊತ್ತು ತಂದು, ಆ ರೇಷ್ಮೆಗೆ ಅಂಟಿಸಿ ಪರದೆ ಕಟ್ಟಿಕೊಂಡಿತು. ಮಣ್ಣು ಹೊತ್ತು ಮನೆ ಮೆತ್ತೋದನ್ನ ನೋಡಿದಾಗ ನಮ್ಮಾಕೆಯೂ ಬಂದು ಕೂತಳು. "ಗೋಡೆ ಸಾರಿಸ್ತೈತೆ ನೋಡ್ರಿ" ಅಂದಳು.

ಆಮೇಲೆ ಕಷ್ಟ ಶುರುವಾಯ್ತು. ಜೇಡ ಊಟ ಬಿಡ್ತು. ಒಂದು ವಾರ, ಎರಡು ವಾರ. ಹೊರಗೆ ಬರಲಿಲ್ಲ. ಟಾರ್ಚ್ ಬಿಟ್ಟು ನೋಡಿದ್ರೆ ನೀಲಿ ಮಂಕಾಗಿ ಬೂದಿ ಹಾಗಿತ್ತು, ಹೊಟ್ಟೆ ಮಾತ್ರ ದಪ್ಪ. ಹುಡುಗನ ಮುಖ ಇಳಿದು ಹೋಯ್ತು. ಅವನ ತಾಯಿ, ಹೊಸ ಮನೆ ಒಗ್ಗಲಿಲ್ಲ, ಸಾಯೋಕೆ ಮೊದಲು ಗೊತ್ತಿರೋರಿಗೆ ಕೊಟ್ಟುಬಿಡೋಣ ಅಂದಳು. ಅವನು ತೊಗಟೆ ಎತ್ತಿ ಒಳಗೆ ನೋಡ್ತೀನಿ ಅಂತ ಬಾಗಿಲಿಗೆ ಕೈ ಹಾಕಿದ. ಮೊಮ್ಮಗಳು ಓಡಿ ಬಂದು ನನ್ನ ಕರ್ಕೊಂಡು ಹೋದಳು.

ನಾನು ನೋಡಿದೆ. ಇದನ್ನ ನಾನು ನೂರು ಸಲ ನೋಡಿದ್ದೀನಿ. ರೇಷ್ಮೆ ಹುಳ ಸೊಪ್ಪು ಬಿಟ್ಟು, ತಲೆ ಎತ್ತಿ, ಮೈ ಬಿಗಿದು, ಬಣ್ಣ ಕೆಟ್ಟು ಅಲ್ಲಾಡದೆ ಕೂರ್ತವಲ್ಲ, ನಾವು ಜ್ವರಕ್ಕೆ ಕೂತವು ಅಂತೀವಿ. ಅದು ಕಾಯಿಲೆ ಅಲ್ಲ. ಹಳೇ ಚರ್ಮ ಬಿಡೋ ಹೊತ್ತು. ರೇಷ್ಮೆ ಹುಳಕ್ಕೆ ನಾಲ್ಕು ಜ್ವರ. ಆವಾಗ ಸೊಪ್ಪು ಹಾಕೋದಿಲ್ಲ, ತಟ್ಟೆ ಕದಲಿಸೋದಿಲ್ಲ, ಸುಣ್ಣ ಚೆಲ್ಲಿ ಹಾಸಿಗೆ ಒಣಗಿಸಿ ಸುಮ್ಮನಿರ್ತೀವಿ. ಜ್ವರದಲ್ಲಿದ್ದ ಹುಳ ಮುಟ್ಟಿದ್ರೆ ಚರ್ಮ ಅರ್ಧಕ್ಕೆ ಸಿಕ್ಕಿಕೊಂಡು ಸಾಯ್ತವೆ. "ಅವನಿಗೆ ಹೇಳವ್ವ, ಇದು ಜ್ವರ. ಮುಟ್ಟಬೇಡ" ಅಂದೆ. ಮೊಮ್ಮಗಳು ಜ್ವರ ಅನ್ನೋದನ್ನ ಅವರ ಭಾಷೆಗೆ ದಾಟಿಸಿದ ಕೂಡಲೇ ಹುಡುಗ ಔಷಧಿ ಕೇಳ್ದ. ಹೇಗೆ ತಿಳಿಸೋದು? ಅಳಿಯ ಕೆಲಸದಿಂದ ಬರೋ ತನಕ ಕಾದೆವು. ಅವನು ಬಿಡಿಸಿ ಹೇಳಿದ ಮೇಲೆ ಹುಡುಗನಿಗೂ ಓದಿದ್ದು ನೆನಪಾಯ್ತು. ಇವೂ ಚರ್ಮ ಬಿಡ್ತವೆ, ಸಣ್ಣವು ಪದೇ ಪದೇ, ಬೆಳೆದ ಹೆಣ್ಣು ವರ್ಷಕ್ಕೊಂದು ಸಲ. ಅದು ಅಂಗಾತ ಮಲಗಿ ಕಾಲು ಮೇಲೆ ಮಾಡಿಕೊಂಡು ಚರ್ಮ ಬಿಡೋದು. ಆ ಹೊತ್ತಿಗೆ ನೋಡಿದೋರು ಸತ್ತೇ ಹೋಯ್ತು ಅಂತ ಎತ್ತಿ ಎಸೆದಿದ್ದೂ ಉಂಟಂತೆ.

ಒಳಗೆ ಬಿಟ್ಟಿದ್ದ ಎರಡು ಹುಳ ಹುಡುಕಿ ಹೊರಗೆ ತೆಗೆಸಿದೆ. ಚರ್ಮ ಬಿಟ್ಟ ಜೇಡದ ಮೈ ಹಾಲಿನ ಕೆನೆ ಹಾಗಿರ್ತದೆ, ಅದರ ಊಟವೇ ಅದನ್ನ ಕಚ್ಚಿ ತಿಂದುಬಿಡಬೌದು. ನೀರಿನ ಬಟ್ಟಲು ತುಂಬಿಸಿ, ಪೆಟ್ಟಿಗೆಗೆ ಬಟ್ಟೆ ಮುಚ್ಚಿದೆವು. ನನ್ನ ದಮ್ಮಡಿ ಬಾರಿಸೋದನ್ನೂ ನಿಲ್ಲಿಸಿದೆ. ಅದಕ್ಕೆ ನಮ್ಮ ಹಾಗೆ ಕಿವಿ ಇಲ್ಲ, ಕಾಲಿನ ಕೂದಲಿನಲ್ಲೇ ನಡುಕ ತಿಳ್ಕೊಳ್ತದೆ. ಗಂಟಲಲ್ಲಿ ಹಾಡಿದ್ರೆ ಕದಲ್ತಿರಲಿಲ್ಲ. ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿದ್ರೆ ಕಾಲೆಲ್ಲ ಒಳಕ್ಕೆ ಎಳ್ಕೊಳ್ತಿತ್ತು. ಪೆಟ್ಟಿಗೆಯ ಅಡಿಗೆ ನಾಲ್ಕು ಮಡಿಕೆ ಕಂಬಳಿ ಹಾಸಿಸಿದ್ದು ಅದಕ್ಕೇ.

19 ದಿನ ಕಾದೆವು. ಹುಡುಗ ಶಾಲೆಯಿಂದ ಬಂದೋನೆ ಬೇಲಿ ಹತ್ರ ನಿಂತು ತಲೆ ಅಲ್ಲಾಡಿಸೋನು, ಇಲ್ಲ ಅಂತ. ಕ್ರಿಸ್ಮಸ್ಸಿಗೆ ನಾಲ್ಕು ದಿನ ಇದೆ ಅನ್ನೋವಾಗ ಒಂದು ಬೆಳಗ್ಗೆ ಬೇಲಿ ಹಾರಿಕೊಂಡೇ ಬಂದ. ಕೈಯಲ್ಲಿ ಒಂದು ಬಟ್ಟಲು, ಅದರಲ್ಲಿ ಹಳೇ ಚರ್ಮ. ಉಗುರು, ಕೂದಲು, ಹಲ್ಲು ಎಲ್ಲ ಹಾಗೇ ಇದ್ದ ಟೊಳ್ಳು ಜೇಡ. ರಾತ್ರಿ ಪೊಟರೆಯಿಂದ ಹೊರಕ್ಕೆ ತಳ್ಳಿತ್ತು. ನಾನು ಹೋಗಿ ನೋಡಿದ್ರೆ ಒಳಗಿದ್ದದ್ದು ಮೊದಲಿಗಿಂತ ದೊಡ್ಡದಾಗಿ, ಇಂದ್ರನೀಲದ ಹಾಗೆ ಹೊಳೀತಿತ್ತು. ಹೊಸ ಚರ್ಮ ಗಟ್ಟಿ ಆಗೋ ತನಕ ಇನ್ನೊಂದು ವಾರ ಊಟ ಹಾಕಬೇಡ ಅಂದೆ. ಅವನು ಎರಡು ವಾರ ಬಿಡ್ತೀನಿ ಅಂದ.

ಬಿಟ್ಟ ಚರ್ಮದಲ್ಲಿ ಇನ್ನೊಂದು ಗುಟ್ಟು ಇರ್ತದೆ. ಅದನ್ನ ನೆನೆಸಿ ಬಿಡಿಸಿ, ಹೊಟ್ಟೆಯ ಒಳಭಾಗವನ್ನ ಭೂತಗಾಜಿನಲ್ಲಿ ನೋಡಿದ್ರೆ ಗಂಡೋ ಹೆಣ್ಣೋ ತಿಳೀತದೆ. ಹುಡುಗ ಅರ್ಧ ದಿನ ಕೂತು ನೋಡಿ ಹೆಣ್ಣು ಅಂದ. ಗಂಡು ಆದ್ರೆ ಮೂರು ನಾಲ್ಕು ವರ್ಷ ಬದುಕ್ತದೆ, ಹೆಣ್ಣು ಹತ್ತು ಹನ್ನೆರಡು ವರ್ಷ. ಅವನ ತಾಯಿ ಕುರ್ಚಿ ಮೇಲೆ ಕೂತುಬಿಟ್ಟಳು. ಹುಡುಗ ಕಾಲೇಜಿಗೆ ಹೋದ ಮೇಲೆ ಇದನ್ನ ನೋಡ್ಕೊಳ್ಳೋರು ಯಾರು? ನಕ್ಕಳು, ಕೊಟ್ಟುಬಿಡು ಅನ್ನೋ ಮಾತು ಮಾತ್ರ ಎತ್ತಲಿಲ್ಲ. ನಾವು ಹೊರಡೋ ದಿನ ಆಕೆಯೇ ಪೆಟ್ಟಿಗೆಯ ನೀರಿನ ಬಟ್ಟಲು ತುಂಬಿಸ್ತಾ ಇದ್ದದ್ದನ್ನ ಕಿಟಕಿಯಿಂದ ಕಂಡೆ. ಕೈಗೆ ದಪ್ಪ ಗ್ಲೌಸು ಹಾಕಿದ್ದಳು.

ಇದನ್ನೆಲ್ಲ ಕೇಳಿ ನಮ್ಮ ಶಾಲೆ ಹುಡುಗರು, ನಾವೂ ಒಂದು ಹಿಡಿದು ಸಾಕೋಣ ತಾತಾ ಅಂತಾರೆ. ಅವರಿಗೆ ಹೇಳೋದು ಇಷ್ಟು. ಅಲ್ಲಿ ಆ ಹುಡುಗ ಸಾಕಿದ್ದು ಸಾಕಿದೋರ ಕೈಲೇ ಹುಟ್ಟಿದ್ದು. ಅದನ್ನ ತಂದು ಈಗ ನಮ್ಮ ಕಾಡಿಗೆ ಬಿಡೋಕಾಗೋದಿಲ್ಲ. ಕಾಡಿನಿಂದ ಹಿಡಿದು ತರೋದು ಬೇರೆ ಮಾತು. 2019ರಲ್ಲಿ ಈ ಕುಲದ ಜೇಡಗಳನ್ನೆಲ್ಲ ಸೈಟಿಸ್ ಅನ್ನೋ ದೇಶ ದೇಶಗಳ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದ್ರು, ಕಾಗದ ಪತ್ರ ಇಲ್ಲದೆ ಗಡಿ ದಾಟಿಸೋ ಹಾಗಿಲ್ಲ. 2022ರಲ್ಲಿ ನಮ್ಮ ದೇಶದ ವನ್ಯಜೀವಿ ಕಾನೂನು ತಿದ್ದಿದಾಗ ಆ ಪಟ್ಟಿಯ ಜೀವಗಳನ್ನ ಅದರೊಳಗೂ ತಂದ್ರು. ಕಾನೂನು ಹಾಗಿರಲಿ. ಪೊಟರೆಯಿಂದ ಜೇಡ ತೆಗೆಯೋರು ಕೈ ಹಾಕಿ ತೆಗೆಯೋದಿಲ್ಲ, ತೊಗಟೆ ಸೀಳಿ ತೆಗೀತಾರೆ. ಜೇಡ ಒಂದು ಹೋಗ್ತದೆ, ಪೊಟರೆ ಎಲ್ಲರಿಗೂ ಹೋಗ್ತದೆ. ಜಾಗ ಸಾಲದೆ ಒಂದೇ ಪೊಟರೆಯಲ್ಲಿ ತಾಯಿ ಮಕ್ಕಳು ಎಲ್ಲ ಒಟ್ಟಿಗೆ ಇರೋ ಜಾತಿ ಇದು.

ನಮ್ಮ ಹೊಲದ ಬದುವಿನ ಮೇಲೆ ಒಂದು ಹುಣಸೇಮರ ಐತೆ, ನಮ್ಮ ತಾತನ ಕಾಲದ್ದು. ಬುಡದಿಂದ ಆಳೆತ್ತರದಲ್ಲಿ ಪೊಟರೆ. ಅರ್ಧ ಮರ ಕಾಯಿ ಬಿಡೋದಿಲ್ಲ. ನಾನು ಇಂಗ್ಲೆಂಡಿನಲ್ಲಿದ್ದಾಗ ಇಟ್ಟಿಗೆ ಗೂಡಿನೋರಿಗೆ ಸೌದೆ ಕೊಡೋ ವ್ಯಾಪಾರಿ ಬಂದು ದೊಡ್ಡ ಮಗನ ಹತ್ರ ಬೆಲೆ ಮಾತಾಡಿ ಹೋಗಿದ್ದ. ಮಗ ಹೇಳೋದು ತಪ್ಪಲ್ಲ. ಟೊಳ್ಳು ಮರ, ಗಾಳಿಗೆ ಬಿದ್ರೆ ಬೋರ್‌ವೆಲ್ ಶೆಡ್ಡಿನ ಮೇಲೆ ಬೀಳ್ತದೆ, ಹಿಂದೂಪುರದ ಮಂಡಿಗೆ ಹಣ್ಣು ಹಾಕಿದ್ರೂ ಕೊಯ್ಯೋ ಕೂಲಿ ಗಿಟ್ಟೋದಿಲ್ಲ. ನಾನು, ಒಳ್ಳೇ ಪೊಟರೆ ಒಂದು ಮಾಡೋಕೆ ನಾವಿಬ್ಬರು ಎರಡು ವಾರ ತಗೊಂಡೆವು, ಕಾರ್ಕ್ ತರೋಕೆ ದುಡ್ಡು ಬೇರೆ ಆಯ್ತು, ಇಲ್ಲಿ ಮರ ತಾನೇ ಅರವತ್ತು ಎಪ್ಪತ್ತು ವರ್ಷ ಕೂತು ಮಾಡೈತೆ ಅಂದೆ. "ಅಪ್ಪಾ, ಅದರೊಳಗೆ ನಿನ್ನ ನೀಲಿ ಜೇಡ ಐತಾ?" ಅಂದ. ಇಲ್ಲ. ಜೋಡಿ ಗೂಬೆ ಐತೆ, ಓತಿಕ್ಯಾತ ಐತೆ, ಒಂದು ವರ್ಷ ಜೇನು ಕಟ್ಟಿತ್ತು. ಈಗ ಶೆಡ್ಡಿನ ಕಡೆಗೆ ಬಾಗಿರೋ ಎರಡು ಕೊಂಬೆ ಕಡಿಸಿ, ಸೌದೆ ಅವನಿಗೆ ಕೊಟ್ಟು, ಬುಡ ಉಳಿಸಿಕೊಂಡಿದ್ದೀನಿ. ವ್ಯಾಪಾರಿ ಯುಗಾದಿ ಆದ ಮೇಲೆ ಮತ್ತೆ ಬರ್ತೀನಿ ಅಂದಿದ್ದಾನೆ.

ಪೊಟರೆಯಲ್ಲಿ ಏನೈತೆ ಅಂತ ನೋಡಬೇಕು ಅನ್ನೋ ಮಕ್ಕಳನ್ನ ಮೇಷ್ಟ್ರು ಕರ್ಕೊಂಡು ಬರಲಿ. ಅಮಾವಾಸ್ಯೆ ಹತ್ತಿರದ ರಾತ್ರಿ, ಎಂಟು ಗಂಟೆ ಮೇಲೆ, ಕಾಲಿಗೆ ಚಪ್ಪಲಿ ಇರಲಿ. ಟಾರ್ಚಿನ ಬಾಯಿಗೆ ಕೆಂಪು ಬಣ್ಣದ ಗಾಜಿನ ಕಾಗದ ಕಟ್ಟಿ, ಬಿಳೀ ಬೆಳಕಿಗೆ ಎಲ್ಲವೂ ಒಳಗೆ ಹೋಗ್ತವೆ. ಕೈ ಹಾಕಬಾರದು, ಕಡ್ಡಿ ಹಾಕಬಾರದು, ಮರಕ್ಕೆ ಒರಗಬಾರದು, ನಡುಕ ಒಳಗೆ ಹೋಗ್ತದೆ. ಮಾತಾಡಿದ್ರೆ ಅಡ್ಡಿಯಿಲ್ಲ. ಬೇಕಾದ್ರೆ ನಾನೊಂದು ಪದ ಹೇಳ್ತೀನಿ, ದಮ್ಮಡಿ ಮನೇಲೇ ಬಿಟ್ಟು ಬರ್ತೀನಿ.